ಜೋಡಿ ಬಿದ್ದರೆ ನಾಲ್ಕು ನಡೆ

ಬೆಳಗಿನ ಆರು ಗಂಟೆ. ಪಾರ್ಶ್ವವಾಯು ವಾರ್ಡಿನ ನೆಲ ಇನ್ನೂ ಹಸಿ. ಒರೆಸುವ ಕೋಲನ್ನು ಗೋಡೆಗೆ ಒರಗಿಸಿದ ಆಯಾ, ಏಳನೇ ಮಂಚದ ಮೇಲೆ ಮಡಚುವ ಮರದ ಹಲಗೆಯೊಂದನ್ನು ಬಿಚ್ಚುತ್ತಾರೆ. ಎದುರಿಗೆ ಗಡಿಯಾರ ರಿಪೇರಿಯ ಮುದುಕರು. ಅವರ ಬಲಗೈ ಇನ್ನೂ ನಡುಗುತ್ತದೆ. ದಾಳ ಕುಲುಕಲು ಅಷ್ಟು ಸಾಕು ಎನ್ನುತ್ತಾರೆ ಈಕೆ.

ವಾರ್ಡಿಗೆಲ್ಲ ಈಕೆ ದಾಳದಕ್ಕ. ಹತ್ತೊಂಬತ್ತು ವರ್ಷದ ಚಾಕರಿ. ದಿನಕ್ಕೆ ಇಪ್ಪತ್ತೆರಡು ಮಂಚ, ಅದರ ನಡುವೆ ಕದ್ದುಮುಚ್ಚಿ ಮೂರು ಆಟ. ಸ್ವಾಧೀನ ತಪ್ಪಿದ ಬೆರಳುಗಳಿಗೆ ಹಿಡಿತ ಬರಲೆಂದು ತಾವೇ ಶುರುಮಾಡಿದ್ದು. ಹಲಗೆಯಲ್ಲಿ ಇಪ್ಪತ್ತನಾಲ್ಕು ಮನೆ, ಒಬ್ಬೊಬ್ಬರಿಗೆ ಹದಿನೈದು ಕಾಯಿ, ಎರಡು ದಾಳ. ಇಬ್ಬರ ಕಾಯಿಗಳೂ ಎದುರುಬದುರು ನಡೆಯುತ್ತವೆ. ಎದುರಾಳಿಯ ಒಂಟಿ ಕಾಯಿ ಸಿಕ್ಕರೆ ಹೊಡೆದು ಹಾಕುವಂತಿಲ್ಲ, ಅದರ ಮೇಲೇ ಕೂತುಬಿಡಬೇಕು. ಮೇಲಿನದು ಏಳುವವರೆಗೆ ಕೆಳಗಿನದಕ್ಕೆ ಬಿಡುಗಡೆಯಿಲ್ಲ. ಎಲ್ಲವನ್ನೂ ಕೊನೆಯ ಆರು ಮನೆಗೆ ತಂದು ಮೊದಲು ಹೊರತೆಗೆದವರು ಗೆದ್ದರು. ದಾಳಕ್ಕೊಂದು ನಡೆ, ಎರಡರಲ್ಲೂ ಒಂದೇ ಅಂಕೆಯ ಜೋಡಿ ಬಿದ್ದರೂ ಎರಡೇ ನಡೆ. ಅಜ್ಜ ಕಲಿಸಿದ್ದು ಹಾಗೆ, ಈಕೆ ನೂರಾರು ರೋಗಿಗಳಿಗೆ ಕಲಿಸಿದ್ದೂ ಹಾಗೇ.

ಹೋದ ಬುಧವಾರದವರೆಗೆ ಈ ಮುದುಕರಿಗೆ ಮಾತಿರಲಿಲ್ಲ. ಮೂರು ತಿಂಗಳು ತುಟಿ ಪಿಟಿಕ್ಕೆಂದಿರಲಿಲ್ಲ. ಜೋಡಿ ಬಿದ್ದಾಗೆಲ್ಲ ದಾಳವನ್ನು ನೆಲಕ್ಕೆ ಬೀಳಿಸುತ್ತಿದ್ದರು. ಪಾಪ, ಕೈಯಲ್ಲಿ ಹಿಡಿತ ಸಾಲದು ಎಂದುಕೊಂಡು ಈಕೆ ಹೆಕ್ಕಿ ಕೊಡುತ್ತಿದ್ದರು. ಮಾತು ಮರಳುವ ಲಕ್ಷಣವಿಲ್ಲ, ಚಿಕಿತ್ಸೆ ನಿಲ್ಲಿಸಿ ಶುಕ್ರವಾರ ಮನೆಗೆ ಕಳಿಸುವುದು ಎಂದು ವೈದ್ಯರು ತೀರ್ಮಾನಿಸಿಯಾಗಿತ್ತು. ಆ ಬುಧವಾರ ಅವರ ಮಗಳು ಬಟ್ಟೆಬರೆ ಚೀಲಕ್ಕೆ ತುಂಬುತ್ತಿದ್ದಳು. ದಾಳದಕ್ಕನಿಗೆ ಜೋಡಿ ಐದು ಬಿತ್ತು. ಎರಡು ನಡೆ ನಡೆಸಿ ದಾಳ ಚಾಚಿದರು. ಮುದುಕರ ಮುಖ ಕೆಂಪಾಯಿತು.

"ನಾಲ್ಕು," ಎಂದರು. ಉಸಿರೆಳೆದುಕೊಂಡು ಮತ್ತೆ, "ಜೋಡಿಗೆ... ನಾಲ್ಕು ನಡೆ. ಯಾರಮ್ಮ ಕಲಿಸಿದ್ದು ನಿಂಗೆ?"

ಮಗಳ ಕೈಯಿಂದ ಚೀಲ ಜಾರಿತು. ದಾಳದಕ್ಕನಿಗೆ ಎರಡು ಆಘಾತ. ಮುದುಕರಿಗೆ ಮಾತು ಬಂದದ್ದು ಒಂದು. ಇಷ್ಟು ವರ್ಷ ಇಡೀ ವಾರ್ಡಿಗೆ ತಪ್ಪು ಆಟ ಕಲಿಸಿದ್ದು ಇನ್ನೊಂದು. ಮೂರು ತಿಂಗಳು ಆ ತಪ್ಪನ್ನು ನುಂಗಿಕೊಂಡು ಮುದುಕರು ಒಳಗೊಳಗೇ ಕುದಿಯುತ್ತಿದ್ದರು; ದಾಳ ಬೀಳುತ್ತಿದ್ದದ್ದು ಹಿಡಿತ ಸಾಲದೆ ಅಲ್ಲ, ಸಿಟ್ಟಿಗೆ.

"ನಾಲ್ಕು ನಡೆ ಆದ್ರೆ ಆಟ ಬೇಗ ಮುಗಿಯುತ್ತಲ್ಲ, ಮುಗಿದ್ರೆ ಚಿಕ್ಕೋಳಾಗಿದ್ದ ನಾನು ಎದ್ದು ಓಡ್ತಿದ್ದೆ. ಅಜ್ಜ ಅದಕ್ಕೇ ಹಾಗೆ ಹೇಳ್ಕೊಟ್ಟಿರ್ಬೇಕು," ಎನ್ನುತ್ತಾರೆ ದಾಳದಕ್ಕ. ಕೇಳಲು ಅಜ್ಜ ಈಗ ಇಲ್ಲ.

ಶುಕ್ರವಾರದ ಬಿಡುಗಡೆ ಚೀಟಿ ರದ್ದಾಗಿದೆ. ಮಾತಿನ ಚಿಕಿತ್ಸೆಯವರು ಈಗ ಹಲಗೆಯ ಪಕ್ಕದಲ್ಲೇ ಕೂರುತ್ತಾರೆ. ದಾಳದಕ್ಕನಿಗೆ ಇರುವ ಆಸೆ ಒಂದೇ: ಸರಿಯಾದ ಲೆಕ್ಕದಲ್ಲಿ ಆಡಿ ಈ ಮುದುಕರನ್ನು ಒಮ್ಮೆ ಸೋಲಿಸಬೇಕು. ಆರು ಆಟವಾಯಿತು, ಆರರಲ್ಲೂ ಸೋಲು, ಮೇಲಿಂದ ಬೈಗುಳ.

ಒರೆಸುವ ಕೋಲನ್ನು ಎತ್ತಿಕೊಳ್ಳುತ್ತಾ ಆಕೆ ಹೇಳುತ್ತಾರೆ: "ಬೈಲಿ ಬಿಡಿ. ಬೈದಷ್ಟೂ ಮಾತು ಸ್ಪಷ್ಟ ಆಗ್ತಿದೆ."