ಮೇಜಿನ ಮೇಲಿನ ಎದೆಬಡಿತ

ಮೊದಲು ಕ್ಷಮೆ ಕೇಳಿಕೊಂಡೇ ಆರಂಭಿಸಬೇಕು. ಈ ಅಭಿನಂದನ ಸಂಪುಟಕ್ಕೆ ಬರೆಯುತ್ತಿರುವ ಉಳಿದವರೆಲ್ಲ ದೊಡ್ಡ ಪದವಿಗಳನ್ನು ಪಡೆದವರು. ನಾನು ಹಗಲಿನಲ್ಲಿ ಪ್ರಯೋಗಾಲಯದ ಉಪಕರಣಗಳಿಗೆ ಬೆಸುಗೆ ಹಾಕುತ್ತ, ಸಂಜೆಯ ತರಗತಿಗಳಲ್ಲಿ ಕೂತು ಡಿಪ್ಲೊಮಾ ಮುಗಿಸಿದವಳು. ಸಮಿತಿಯವರು ಕೇಳಿದಾಗ, ಬೇರೆ ಯಾರನ್ನೋ ಕೇಳಬೇಕಾದ್ದನ್ನು ತಪ್ಪಿ ನನ್ನನ್ನು ಕೇಳಿದರೇನೋ ಎಂದು ಹೆದರಿ, ಮತ್ತೆ ಹೋಗಿ ವಿಚಾರಿಸಿ ಬಂದೆ. ತಪ್ಪಿರಲಿಲ್ಲ. ಆದರೂ ಬರೆದ ಪ್ರತಿ ಸಾಲನ್ನೂ ಅನುಮಾನದಿಂದಲೇ ತಿರುಗಿ ಓದುತ್ತಿದ್ದೇನೆ. ಈ ಅಭ್ಯಾಸವನ್ನು ಕಲಿಸಿದವರ ಬಗ್ಗೆಯೇ ಬರೆಯುತ್ತಿರುವುದರಿಂದ ಓದುಗರು ಮನ್ನಿಸುವರೆಂದು ನಂಬಿದ್ದೇನೆ.

ತಂತಿಯಿಲ್ಲದೆ ಗಾಳಿಯಲ್ಲಿ ಸಾಗುವ ಸಂದೇಶಗಳು ಬೇಗ ತಲುಪಬೇಕು, ಅದೇ ಹೊತ್ತಿಗೆ ಕಳ್ಳರ ಕೈಗೂ ಸಿಗಬಾರದು. ನಿಸ್ತಂತು ಜಾಲಗಳ ಕ್ಷೇತ್ರದಲ್ಲಿ ಈ ಎರಡು ಬೇಡಿಕೆಗಳು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆದಾಡುತ್ತವೆ. ಕಾವಲು ಹೆಚ್ಚಿಸಿದರೆ ವೇಗ ಕುಗ್ಗುತ್ತದೆ. ವೇಗಕ್ಕೆ ಆಸೆಪಟ್ಟರೆ ಎಲ್ಲೋ ಒಂದು ಬಾಗಿಲು ತೆರೆದೇ ಉಳಿಯುತ್ತದೆ. ಇವೆರಡನ್ನೂ ಒಂದೇ ನೊಗಕ್ಕೆ ಹೂಡಲು ತಮ್ಮ ಸೇವಾವಧಿಯನ್ನೆಲ್ಲ ಸವೆಸಿದ ನಮ್ಮ ಮೇಡಂ ಅವರ ಪ್ರಬಂಧಗಳನ್ನು ಬಲ್ಲವರು ಬೇರೆಡೆ ವಿವರಿಸಿದ್ದಾರೆ. ನಾನು ಬಲ್ಲದ್ದು ಅವರ ಭಯವನ್ನು ಮಾತ್ರ.

ಪ್ರಯೋಗಾಲಯದಲ್ಲಿ ಅವರಿಗೆ ‘ಗುಮಾನಿ ಮೇಡಂ’ ಎಂಬ ಅಡ್ಡಹೆಸರಿತ್ತು. ಅದು ಅವರಿಗೆ ಗೊತ್ತಿತ್ತು. ಒಮ್ಮೆ ಫೋನಿನಲ್ಲಿ ತಾವೇ ಹಾಗೆ ಪರಿಚಯಿಸಿಕೊಂಡು ಆ ಕಡೆಯವರನ್ನು ಕಂಗಾಲು ಮಾಡಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅವರು ಅದನ್ನು ಅಕ್ಷರಶಃ ನಡೆಸುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ವಾರದ ಸಭೆ ಸಂಜೆ ನಡೆಯುತ್ತಿತ್ತು. ನನ್ನ ತರಗತಿಯೂ ಅದೇ ಹೊತ್ತಿಗೆ. ಹೇಳಿಕೊಳ್ಳಲು ಧೈರ್ಯವಿಲ್ಲದೆ ನಾನು ಗೋಡೆಯ ಗಡಿಯಾರವನ್ನು ಕದ್ದು ನೋಡುತ್ತ ಕೂರುತ್ತಿದ್ದೆ. ಮೂರನೆಯದೋ ನಾಲ್ಕನೆಯದೋ ಸಭೆಯ ನಂತರ ಮೇಡಂ, ಸಂಜೆ ತಮಗೆ ತಲೆ ಓಡುವುದಿಲ್ಲವೆಂದು ಸಾರಿ, ಸಭೆಯನ್ನು ಬೆಳಿಗ್ಗೆಗೆ ಬದಲಾಯಿಸಿದರು. ಅವರ ತಲೆ ಸಂಜೆ ಎಷ್ಟು ಚೆನ್ನಾಗಿ ಓಡುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಪಠ್ಯದ ಕಠಿಣ ಭಾಗಗಳನ್ನು ಊಟದ ವಿರಾಮದಲ್ಲಿ ಬಿಡಿಸಿ ಹೇಳುವಾಗಲೂ, ತಮಗೇ ಒಂದು ಸಂಶಯವಿದೆ, ಜೊತೆಗೆ ಕೂತು ಓದೋಣ ಎಂದು ಕರೆಯುತ್ತಿದ್ದರು.

ಅವರು ತಂದ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಅದಕ್ಕೆ ನಾವು ‘ಕಳ್ಳನ ಸರದಿ’ ಎನ್ನುತ್ತಿದ್ದೆವು. ಪ್ರತಿ ಶನಿವಾರ ನಮ್ಮಲ್ಲಿ ಒಬ್ಬರು ಕಳ್ಳರಾಗಬೇಕು. ಉಳಿದವರು ಕಟ್ಟಿದ ಜಾಲವನ್ನು ಪ್ರಯೋಗಾಲಯದೊಳಗೇ ಹೇಗಾದರೂ ಮೋಸಗೊಳಿಸಲು ಯತ್ನಿಸಬೇಕು. ಗೆದ್ದ ಕಳ್ಳನಿಗೆ ಉಳಿದವರು ಚಹಾ ಮಾಡಿಕೊಡಬೇಕು. ನನ್ನ ಸರದಿ ಬಂದಾಗಲೆಲ್ಲ ನಾನು ಹಿಂಜರಿಯುತ್ತಿದ್ದೆ. “ನಾನೆಂಥಾ ಕಳ್ಳಿ ಮೇಡಂ, ಬಸ್ಸಲ್ಲಿ ಟಿಕೆಟ್ ಇದ್ರೂ ಚೆಕಿಂಗ್‌ನವರನ್ನ ಕಂಡ್ರೆ ಬೆವರ್ತೀನಿ” ಎಂದರೆ, “ಅಂಥವರೇ ಬೇಕು ಕಣಮ್ಮ. ಧೈರ್ಯದವರು ಬಾಗಿಲು ಒಡೀತಾರೆ, ಪುಕ್ಕಲರು ಕಿಟಕಿ ಹುಡುಕ್ತಾರೆ” ಎನ್ನುತ್ತಿದ್ದರು.

ಆ ದಿನಗಳಲ್ಲಿ ನಮ್ಮ ಕೈಯಲ್ಲಿದ್ದುದು ಒಂದು ಆಸ್ಪತ್ರೆಯ ಕೆಲಸ. ರೋಗಿಯ ಎದೆಗೆ ಅಂಟಿಸುವ ಪುಟ್ಟ ಸಾಧನ ಹೃದಯದ ಬಡಿತವನ್ನು ಗೋಡೆಯ ಮೇಲಿನ ಪೆಟ್ಟಿಗೆಗೆ ಗಾಳಿಯಲ್ಲಿ ಕಳುಹಿಸುತ್ತದೆ. ಅಲ್ಲಿಂದ ಅದು ದಾದಿಯರ ಪರದೆಯ ಮೇಲೆ ಗೆರೆಯಾಗಿ ಓಡುತ್ತದೆ. ರೋಗಿಯನ್ನು ತಳ್ಳುಗಾಡಿಯಲ್ಲಿ ಬೇರೆ ಕೋಣೆಗೆ ಒಯ್ಯುವಾಗ ಸಾಧನವು ಒಂದು ಪೆಟ್ಟಿಗೆಯನ್ನು ಬಿಟ್ಟು ಮುಂದಿನದನ್ನು ಹಿಡಿಯಬೇಕು. ಪ್ರತಿ ಪೆಟ್ಟಿಗೆಗೂ ಹೊಸದಾಗಿ ಗುರುತು ಹೇಳುವಷ್ಟರಲ್ಲಿ ಗೆರೆ ನಿಂತುಹೋಗುತ್ತಿತ್ತು. ಪೆಟ್ಟಿಗೆಗಳೇ ತಮ್ಮತಮ್ಮೊಳಗೆ ಗುರುತನ್ನು ದಾಟಿಸಿಕೊಳ್ಳುವಂತೆ ನಮ್ಮ ತಂಡ ಮಾಡಿತು. ಗೆರೆ ನಿಲ್ಲುವುದು ತಪ್ಪಿತು. ನಮ್ಮ ಸಂಸ್ಥೆಯ ನಿರ್ದೇಶಕರು ಸಂತೋಷಪಟ್ಟು ಎಲ್ಲರ ಬೆನ್ನು ತಟ್ಟಿದರು.

ಸಂದೇಶಗಳಿಗೆಲ್ಲ ಗೂಢಲಿಪಿಯ ಬೀಗವಿತ್ತು, ಜೊತೆಗೆ ಒಂದೊಂದಕ್ಕೂ ಕ್ರಮಸಂಖ್ಯೆಯಿತ್ತು. ಒಮ್ಮೆ ಬಂದ ಸಂಖ್ಯೆ ಮತ್ತೆ ಬಂದರೆ ಪೆಟ್ಟಿಗೆ ತಿರಸ್ಕರಿಸಬೇಕು. ಕಳ್ಳನ ಸರದಿ ನನ್ನದಾಗಿದ್ದ ಆ ಶನಿವಾರ ಬೆಳಿಗ್ಗೆ, ನನಗೆ ಬೇರೇನೂ ತೋಚದೆ, ನಮ್ಮ ಪರೀಕ್ಷಾ ಪೆಟ್ಟಿಗೆಯ ಸ್ವಿಚ್ ಆರಿಸಿ ಮತ್ತೆ ಹೊತ್ತಿಸಿದೆ. ಮೊದಲೇ ಹಿಡಿದಿಟ್ಟಿದ್ದ ಹಳೆಯ ಸಂದೇಶಗಳನ್ನು ಬೀಗ ಮುಟ್ಟದೆ ಇದ್ದ ಹಾಗೆಯೇ ಅದಕ್ಕೆ ಕಳುಹಿಸಿದೆ. ಸಾಧನವು ಯಾವ ಎದೆಗೂ ಅಂಟದೆ, ಬ್ಯಾಟರಿ ಕಳಚಿಕೊಂಡು ಮೇಜಿನ ಮೇಲೆ ಬಿದ್ದಿತ್ತು. ಪರದೆಯ ಮೇಲೆ ಮಾತ್ರ ಆರೋಗ್ಯವಂತ ಹೃದಯವೊಂದು ಸಮನಾಗಿ ಬಡಿಯತೊಡಗಿತು.

ವೇಗದ ಹಂಬಲದಲ್ಲಿ ನಾವೆಲ್ಲ ಒಂದನ್ನು ಮರೆತಿದ್ದೆವು. ಪೆಟ್ಟಿಗೆ ಆರಿ ಹೊತ್ತಿದಾಗ ನೆರೆಯ ಪೆಟ್ಟಿಗೆಯಿಂದ ಗುರುತನ್ನು ಪಡೆಯುತ್ತಿತ್ತು. ಕೊನೆಯ ಸಂಖ್ಯೆ ಎಷ್ಟೆಂಬುದನ್ನು ಕೇಳುತ್ತಿರಲಿಲ್ಲ. ಯಾವ ಹಳೆಯ ಸಂದೇಶವಾದರೂ ಅದಕ್ಕೆ ಹೊಸದೇ.

ನನಗಾಗಿ ಯಾರೋ ಚಹಾಕ್ಕೆ ನೀರಿಟ್ಟರು. ಎದೆನೋವೆಂದು ನನ್ನ ತಾಯಿಯನ್ನು ಆ ವಾರವೇ ಅದೇ ಆಸ್ಪತ್ರೆಗೆ ಸೇರಿಸಿದ್ದೆವು. ಅಂದು ಮಧ್ಯಾಹ್ನ ಆ ಆಸ್ಪತ್ರೆಯ ಪೆಟ್ಟಿಗೆಗಳಿಗೆಲ್ಲ ನಮ್ಮ ಹೊಸ ತಂತ್ರಾಂಶ ತುಂಬುವವರಿದ್ದರು. ತುಂಬಿದ ಪೆಟ್ಟಿಗೆ ಒಮ್ಮೆ ಆರಿ ಹೊತ್ತಲೇಬೇಕು.

“ಏನಮ್ಮಾ, ಗೆದ್ದೋಳು ಹೀಗ್ಯಾಕೆ ಬಿಳಿಚ್ಕೊಂಡಿದ್ದೀಯ?” ಎಂದು ಮೇಡಂ ಬಂದರು. ನಾನು ಪರದೆ ತೋರಿಸಿ, “ಅಮ್ಮ ಅಲ್ಲಿದ್ದಾರೆ” ಎಂದಷ್ಟೇ ಹೇಳಿದೆ. ಅವರು ಸಮಾಧಾನದ ಮಾತು ಆಡಲಿಲ್ಲ. ಗಾಬರಿ ಬೇಡವೆಂದೂ ಹೇಳಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದರು, ಯಾರೂ ಎತ್ತಲಿಲ್ಲ. “ನಡಿ” ಎಂದು ಚಪ್ಪಲಿ ಮೆಟ್ಟಿದರು. ಮೆಟ್ಟಿಲಿನಲ್ಲಿ ಎದುರಾದ ನಿರ್ದೇಶಕರು, “ಹಗ್ಗ ಕಂಡ್ರೂ ಹಾವು ಅಂತೀರಲ್ಲ ಮೇಡಂ, ಸೋಮವಾರ ನೋಡೋಣ” ಎಂದರು. “ಹಾವಾಗಿದ್ರೆ ಸೋಮವಾರದವರೆಗೆ ಕಾಯುತ್ತಾ ಸರ್?” ಎಂದು ಕೇಳಿ ಮೇಡಂ ಇಳಿದೇಬಿಟ್ಟರು.

ನಾವು ತಲುಪಿದಾಗ ಊಟದ ಹೊತ್ತು ಮೀರಿತ್ತು. ವಾರ್ಡಿನ ಪೆಟ್ಟಿಗೆಗಳಿಗೆ ತಂತ್ರಾಂಶ ತುಂಬಿ ಆಗಲೇ ಮುಗಿದಿತ್ತು. ನನ್ನ ತಾಯಿ ದಿಂಬಿಗೆ ಒರಗಿದ್ದರು. “ಇದೇನೇ ಇಷ್ಟು ಬೇಗ? ಕೆಲಸದಿಂದ ಓಡಿಸಿಬಿಟ್ರಾ?” ಎಂದು ನಕ್ಕರು. ಅವರ ಮೇಲ್ತುಟಿಯ ಮೇಲೆ ಬೆವರಿತ್ತು. ಕೇಳಿದರೆ, “ಸೆಕೆ ಅಷ್ಟೆ” ಎಂದರು. ಫ್ಯಾನು ಜೋರಾಗಿ ತಿರುಗುತ್ತಿತ್ತು.

ವಾರ್ಡಿನ ಹಿರಿಯ ದಾದಿಗೆ ನಮ್ಮ ಗಡಿಬಿಡಿ ಇಷ್ಟವಾಗಲಿಲ್ಲ. “ನೋಡಿ ಮೇಡಂ, ಗೆರೆ ಎಷ್ಟು ಚೆನ್ನಾಗಿ ಓಡ್ತಿದೆ. ನೀವೇ ಮಾಡ್ಕೊಟ್ಟಿದ್ದಲ್ವಾ?”

“ನಾವೇ ಮಾಡಿದ್ದು ಸಿಸ್ಟರ್. ಅದಕ್ಕೇ ನಂಬಬೇಡಿ ಅಂತ ಹೇಳೋಕೆ ಬಂದಿದ್ದೀನಿ. ದಯವಿಟ್ಟು ಒಂದ್ಸಲ ಕೈ ಹಿಡಿದು ನೋಡಿ.”

ದಾದಿ ನಿಟ್ಟುಸಿರಿಟ್ಟು ತಾಯಿಯ ಮಣಿಕಟ್ಟು ಹಿಡಿದರು. ಮೊದಲು ಪರದೆಯತ್ತ ನೋಡಿದರು, ಆಮೇಲೆ ತಮ್ಮ ಕೈಗಡಿಯಾರವನ್ನು, ಆಮೇಲೆ ಮತ್ತೆ ಪರದೆಯನ್ನು. ಅವರ ಹುಬ್ಬು ಗಂಟಾದುದನ್ನು ಕಂಡು ನಾನು ಹಾಸಿಗೆಯ ಹತ್ತಿರಕ್ಕೆ ಸರಿದೆ. “ಅದೊಂದು ಹೇಳ್ತಿದೆ, ಕೈಯೊಂದು ಹೇಳ್ತಿದೆ” ಎಂದು ಮೆಲ್ಲಗೆ ಗೊಣಗಿದವರು, ಮರುಕ್ಷಣವೇ ದನಿಯೇರಿಸಿ ವೈದ್ಯರನ್ನು ಕೂಗಿದರು. ತಂತಿಯಿರುವ ಹಳೆಯ ಯಂತ್ರವನ್ನು ಉರುಳಿಸಿಕೊಂಡು ಬಂದರು. ಅದರ ಗೆರೆ ಎಡವುತ್ತ, ಮುಗ್ಗರಿಸುತ್ತ ಓಡಿತು. ಹಾಸಿಗೆಯ ಸುತ್ತ ಬಟ್ಟೆಯ ಪರದೆ ಎಳೆದು ನಮ್ಮನ್ನು ಹೊರಗೆ ಕಳುಹಿಸಿದರು.

ಕಾರಿಡಾರಿನಲ್ಲಿ ಮೇಡಂ ನನ್ನ ಪಕ್ಕ ಕೂರಲಿಲ್ಲ. ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಎಲ್ಲ ರೋಗಿಗಳನ್ನೂ ತಂತಿಗೆ ಬದಲಾಯಿಸುವವರೆಗೆ ದಾದಿಯರ ಬೆನ್ನು ಬಿಡಲಿಲ್ಲ. ಕೆಲಸ ಮುಗಿದ ಮೇಲೆ ಬಂದು ನನ್ನ ಅಂಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಸಂಜೆ ವೈದ್ಯರು ಹೊರಬಂದು ತಾಯಿ ಉಳಿದರೆಂದು ಹೇಳಿದರು.

ಸೋಮವಾರ ನಿರ್ದೇಶಕರ ಕೋಣೆಯಲ್ಲಿ ನಡೆದ ಮಾತಿಗೆ ನಾನೂ ಸಾಕ್ಷಿ. “ಯಾರಿಗೂ ತೊಂದರೆ ಆಗಿಲ್ಲ ಅಂತ ವರದೀಲಿ ಒಂದು ಸಾಲು ಬರೀರಿ, ಸಾಕು” ಎಂದರು ಅವರು.

“ಆಗಿಲ್ಲ ಅಂತ ನಂಗೆ ಗೊತ್ತಿಲ್ಲ ಸರ್.”

“ಹಾಗಾದ್ರೆ ಆಗಿದೆ ಅಂತ ಗೊತ್ತಾ?”

“ಅದೂ ಗೊತ್ತಿಲ್ಲ.”

“ಮತ್ತೇನು ಬರೀತೀರಿ?”

“ಗೊತ್ತಿಲ್ಲ ಅಂತ.”

ಹಾಗೆಯೇ ಬರೆದರು. ಆಸ್ಪತ್ರೆಯ ಕೆಲಸ ನಿಂತಿತು. ವಿಭಾಗದ ಮುಖ್ಯಸ್ಥರ ಸ್ಥಾನ ಅವರಿಗೆ ಬರಬೇಕಿದ್ದುದು ಕಿರಿಯರೊಬ್ಬರ ಪಾಲಾಯಿತು. ಆ ಕಿರಿಯರಿಗೆ ಮೊದಲು ಶುಭ ಕೋರಿದವರೂ ಮೇಡಂ ಅವರೇ.

ಮುಂದಿನ ವರ್ಷಗಳಲ್ಲಿ ಅವರು ಅದೇ ದೋಷದ ಹಿಂದೆ ಬಿದ್ದರು. ಹೊತ್ತಿಕೊಂಡ ಪೆಟ್ಟಿಗೆ ಮೊದಲು ಎದೆಯ ಸಾಧನಕ್ಕೆ ಹೊಸದೊಂದು ಪ್ರಶ್ನೆ ಕೇಳಬೇಕು. ಹಳೆಯ ಸಂದೇಶಕ್ಕೆ ಅದರ ಉತ್ತರ ಗೊತ್ತಿರುವುದಿಲ್ಲ. ಮೊದಲ ಪ್ರಯತ್ನದಲ್ಲಿ ಗೆರೆ ಮತ್ತೆ ನಿಲ್ಲತೊಡಗಿತು. ದಾದಿಯರು ಬೈದರು. ಮೊಣಕಾಲು ನೋವಿನಲ್ಲೂ ಮೇಡಂ ಖಾಲಿ ತಳ್ಳುಗಾಡಿಯ ಹಿಂದೆ ಕಾರಿಡಾರಿನುದ್ದಕ್ಕೂ ನಡೆದು ನಡೆದು, ಎಲ್ಲಿ ತಡವಾಗುತ್ತಿದೆಯೆಂದು ಹುಡುಕಿದರು. ಕೊನೆಯ ಸಂಖ್ಯೆಯನ್ನು ನೆರೆಯ ಪೆಟ್ಟಿಗೆಗಳು ಪರಸ್ಪರರಿಗಾಗಿ ನೆನಪಿಡುವಂತೆ ಮಾಡಿದ ಮೇಲೆ, ಪ್ರಶ್ನೆ ಕೇಳಿದ್ದೂ ಉತ್ತರ ಬಂದದ್ದೂ ಯಾರಿಗೂ ತಿಳಿಯದಷ್ಟು ಬೇಗ ಮುಗಿಯತೊಡಗಿತು. ಇಂದು ವಿದ್ವಾಂಸರು ಹೊಗಳುವ ವಿಧಾನ ಹುಟ್ಟಿದ್ದು ಆ ನಡಿಗೆಯಲ್ಲಿ.

ಈಗ ಅವರು ನಿವೃತ್ತರಾಗುತ್ತಿದ್ದಾರೆ. ನಮ್ಮೆಲ್ಲರ ಪರವಾಗಿ ಹೆದರುತ್ತಿದ್ದ ಒಬ್ಬರು ಆ ಕೋಣೆಯಲ್ಲಿ ಇನ್ನು ಇರುವುದಿಲ್ಲ ಎಂದು ನೆನೆದರೆ ನನಗೆ ನಿಜಕ್ಕೂ ದಿಗಿಲಾಗುತ್ತದೆ. ಅವರಿಗೆ ದೀರ್ಘಾಯುಷ್ಯವೂ ನೋವಿಲ್ಲದ ಮೊಣಕಾಲುಗಳೂ ದೊರೆಯಲಿ. ಮನೆಯಲ್ಲಿ ಕೂತೂ ಅವರು ನಮ್ಮ ಕೆಲಸವನ್ನು ಅನುಮಾನಿಸುತ್ತಲೇ ಇರಲಿ. ನನ್ನ ತಾಯಿಯದೂ ಇದೇ ಹಾರೈಕೆ.

ಆ ಮಧ್ಯಾಹ್ನದ ಬಗ್ಗೆ ಆಮೇಲೆ ತಿಂಗಳುಗಟ್ಟಲೆ ಪರಿಶೀಲಿಸಿದೆವು. ಯಾರಾದರೂ ಹಳೆಯ ಸಂದೇಶಗಳನ್ನು ಬೇಕೆಂದೇ ಕಳುಹಿಸಿದರೋ, ಪಕ್ಕದ ಪೆಟ್ಟಿಗೆಯಲ್ಲಿ ಉಳಿದಿದ್ದವು ತಾವಾಗಿ ಹರಿದು ಬಂದವೋ, ಇಲ್ಲವೇ ಪರದೆ ಸರಿಯಾಗಿಯೇ ಇದ್ದು ತಾಯಿಯ ಎದೆ ಎಡವಿದ್ದು ದಾದಿ ಕೈ ಹಿಡಿದ ಆ ಗಳಿಗೆಯಲ್ಲೋ? ಪೆಟ್ಟಿಗೆಗೆ ಏನೂ ನೆನಪಿರಲಿಲ್ಲ. ಅಂದು ಅಷ್ಟು ಚೆಂದವಾಗಿ ಓಡುತ್ತಿದ್ದುದು ನನ್ನ ತಾಯಿಯ ಹೃದಯವೋ ಅಲ್ಲವೋ ಎಂಬುದು ನನಗೆ ಗೊತ್ತಿಲ್ಲ. ಮೇಡಂ ಅವರಿಗೂ ಗೊತ್ತಿಲ್ಲ.