ಕತ್ತರಿ ಅಕ್ಕನ ಮೂರು ತಂತಿ

ಕತ್ತರಿ ಅಕ್ಕನ ಮುತ್ತಜ್ಜಿ ಅಳತೆಯ ಟೇಪು ಮುಟ್ಟಿದವಳಲ್ಲ. ಎದುರು ಬೀದಿಯಲ್ಲಿ ಹೋಗುವವನನ್ನು ಕಣ್ಣಲ್ಲೇ ಅಳೆದು, ಅವನು ಮನೆ ಮುಟ್ಟುವುದರೊಳಗೆ ಅಂಗಿಯ ಬಟ್ಟೆ ಕತ್ತರಿಸಿಡುತ್ತಿದ್ದಳಂತೆ. ಕೋಟಿನ ತೋಳು ಗಿಡ್ಡವಾಯಿತೆಂದು ಗದರಿದ ದೊಡ್ಡ ಅಧಿಕಾರಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, "ತೋಳು ಸರಿಯಾಗೇ ಇದೆ ಸ್ವಾಮಿ, ನೀವು ಸ್ವಲ್ಪ ಹೆಗಲು ಇಳಿಸಿ" ಎಂದವನು ಅವಳ ಅಜ್ಜ. ಅಪ್ಪನಂತೂ ಒಂದು ಇಡೀ ಆಸ್ಪತ್ರೆಗೆ ಪರದೆ ಹೊಲಿದು, ಅಂಚು ಅರ್ಧ ಬೆರಳು ಓರೆಯಾಯಿತೆಂದು ಅಷ್ಟನ್ನೂ ಬಿಚ್ಚಿ ಮತ್ತೆ ಹೊಲಿದ. ಇಂಥ ಮನೆತನದ ಹೆಣ್ಣುಮಗಳಿಗೆ "ನಿಮ್ಮ ಕೈ ಬಗ್ಗಲ್ಲ" ಎಂದು ಹೇಳಿದ ಮಹಾನುಭಾವನೊಬ್ಬ ನಮ್ಮ ಬೀದಿಯಲ್ಲಿದ್ದಾನೆ. ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಅವಳು ಬಟ್ಟೆ ಕತ್ತರಿಸುವ ಶೆಡ್ಡಿನಲ್ಲೇ ನಾನು ಮೂವತ್ತು ವರ್ಷ ಇಸ್ತ್ರಿ ಹಿಡಿದವನು. ಕಣ್ಣಾರೆ ಕಂಡದ್ದನ್ನೂ ಅವಳ ಬಾಯಿಂದಲೇ ಕೇಳಿದ್ದನ್ನೂ ಬರೆಯುತ್ತೇನೆ.

ಅಕ್ಕನ ತಮ್ಮ ಒಂದು ಗಿಟಾರು ತಂದು ಗೋಡೆಗೆ ನೇತುಹಾಕಿ ಮರೆತಿದ್ದ. ಅಕ್ಕನಿಗೆ ನಲವತ್ತೆಂಟು ತುಂಬಿದ ವರ್ಷ, ಒಂದು ದಿನ ಅದರ ದೂಳು ಕೊಡವಿ, ಬ್ರೆಡ್ಡಿನ ಅಂಗಡಿಯ ಮಾಳಿಗೆಯಲ್ಲಿದ್ದ ಗಿಟಾರು ಮೇಷ್ಟ್ರ ಮುಂದೆ ಹೋಗಿ ನಿಂತಳು. ಶೆಡ್ಡಿನ ಹೆಂಗಸರು ಕೆಲಸ ಮಾಡುತ್ತ ಗುನುಗುವ ಹಾಡುಗಳಿಗೆ ಜೊತೆ ನುಡಿಸಬೇಕು, ಅಷ್ಟೇ ಅವಳ ಆಸೆ.

ಮೇಷ್ಟ್ರು ಅವಳ ದಪ್ಪಗಟ್ಟಿದ ಬೆರಳು ನೋಡಿ ನಕ್ಕರು. "ಆರು ತಂತೀನೂ ಒತ್ತಿ ಹಿಡೀಬೇಕಮ್ಮ. ಈ ವಯಸ್ಸಲ್ಲಿ ನಿಮ್ಮ ಕೈ ಬಗ್ಗಲ್ಲ. ಮಗಳಿದ್ರೆ ಕಳಿಸಿ."

"ಮಗಳಿಗೆ ಬೇಡ್ವಂತೆ, ನನಗೆ ಬೇಕು" ಎಂದಳು ಅಕ್ಕ. ಮೇಷ್ಟ್ರ ಬೆನ್ನ ಹಿಂದಿನ ಬೋರ್ಡಿನಲ್ಲಿ ಗಿಟಾರಿನ ಕತ್ತಿನ ಚಿತ್ರವಿತ್ತು. ಸಣ್ಣ ತಂತಿಗಳ ಮೇಲೆ ಮೂರೇ ಚುಕ್ಕಿ. "ಅದೇನು?"

"ಅದು ಟ್ರಯಡ್. ಮೂರೇ ಸ್ವರ ಸೇರಿಸಿ ಹಿಡಿಯೋದು. ಆರು ತಂತಿ ಕಲಿತವರಿಗೆ. ನಿಮಗ್ಯಾಕೆ?"

ಯಾಕಂತೆ! ಮೆಟ್ಟಿಲು ಇಳಿಯುವಷ್ಟರಲ್ಲಿ ಆ ಮೂರು ಚುಕ್ಕಿ ಅವಳ ಕಣ್ಣಲ್ಲಿ ಅಚ್ಚಾಗಿದ್ದವು. ಮನೆಗೆ ಬಂದವಳೇ, ಬಟ್ಟೆಯ ಮೇಲಿಟ್ಟು ಆಕಾರ ಗುರುತಿಸುವ ಪ್ಯಾಟರ್ನಿನ ಕಂದು ಕಾಗದದಲ್ಲಿ ಒಂದು ಪಟ್ಟಿ ಕತ್ತರಿಸಿ, ಮೂರು ತೂತು ಹೊಡೆದು, ತಂತಿಗಳ ಕೆಳಗೆ ತೂರಿಸಿದಳು. ತೂತು ಕಂಡಲ್ಲಿ ಬೆರಳು. ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳ ನಡುವೆ ಇರುವ ಜಾಗಗಳನ್ನು ಅವಳು 'ಮನೆ' ಎಂದಳು, ಒಟ್ಟಿಗೆ ನುಡಿಯುವ ಮೂರು ಸ್ವರಗಳನ್ನು 'ಮೂವರು' ಎಂದಳು.

ಒಂದು ಹಾಡಿಗೆ ಇಂಥ ಮೂವರ ಕಟ್ಟು ಮೂರು ಬೇಕೆಂದು ಕಿವಿ ಹೇಳಿತು. ಅಂಗಿಯ ಪ್ಯಾಟರ್ನನ್ನು ಬಟ್ಟೆಯ ಯಾವ ಮೂಲೆಗಿಟ್ಟರೂ ಅಂಗಿಯೇ ಬರುತ್ತದಲ್ಲ, ಹಾಗೆಯೇ ಒಂದೇ ಕಾಗದದ ಪಟ್ಟಿಯನ್ನು ಮೂರನೇ ಮನೆಯಿಂದ ಎಂಟಕ್ಕೆ, ಎಂಟರಿಂದ ಹತ್ತಕ್ಕೆ ಜಾರಿಸಿದಳು. ಮೇಲೆ ಹೋದಂತೆ ಮನೆಗಳು ಕಿರಿದಾಗುತ್ತವೆ. ಅದಕ್ಕೆ ಕಾಗದವನ್ನೂ ಕಿರಿದು ಮಾಡಿದಳು. ಸ್ವರ ಸರಿಯೇ. ಹಾಡು ಮಾತ್ರ ಕಪ್ಪೆಯ ಹಾಗೆ ಕುಪ್ಪಳಿಸಿತು. ಕೈ ಓಡಿ ತಲುಪುವಷ್ಟರಲ್ಲಿ ಸಾಲು ಮುಗಿದಿರುತ್ತಿತ್ತು.

"ಅಕ್ಕ, ನಿನ್ನ ಹಾಡಿಗೆ ಬಿಕ್ಕಳಿಕೆ ಬಂದಿದೆ, ನೀರು ಕುಡಿಸು" ಎಂದಳು ಗುಂಡಿ ಹೊಲಿಯುವವಳು.

ತಿಂಗಳುಗಟ್ಟಲೆ ಒದ್ದಾಡಿದಳು. ಒಂದು ಮಧ್ಯಾಹ್ನ ಊಟದ ಬೆಂಚಿನ ಮೇಲೆ ಮೂವರು ಹೆಂಗಸರು ಕೂತಿದ್ದರು. ತುದಿಯಲ್ಲಿದ್ದವಳು ಎದ್ದು ಬಂದು ಆಚೆ ತುದಿಗೆ ಕೂತಳು. ಅಕ್ಕ ಡಬ್ಬಿ ಬಿಟ್ಟು ಎದ್ದೇಬಿಟ್ಟಳು. "ಜಾಗ ಬದಲಾದ್ರೂ ಮೂವರೂ ಅವರೇ ಅಲ್ವೇನ್ರೇ!" ಎಂದಳು. ಯಾರಿಗೂ ತಲೆಬುಡ ಗೊತ್ತಾಗಲಿಲ್ಲ.

ಕೆಳಗಿದ್ದ ಸ್ವರವನ್ನು ಮೇಲಕ್ಕೆ ಕೂರಿಸಿದರೆ ಅದೇ ಕಟ್ಟು ಬೇರೆ ಮನೆಯಲ್ಲಿ, ಬೇರೆ ಆಕಾರದಲ್ಲಿ ಸಿಗುತ್ತದೆ. ಹಾಗೆ ಮೂರು ಆಕಾರಗಳಿಗೆ ಮೂರು ಕಾಗದ ಕತ್ತರಿಸಿದಳು. ಈಗ ಮೂರು ಕಟ್ಟೂ ಎರಡನೇ ಮನೆಯಿಂದ ಐದನೇ ಮನೆಯೊಳಗೇ ಅಕ್ಕಪಕ್ಕ ಸಿಕ್ಕವು. ಕೈ ಅಲುಗಬೇಕಾದದ್ದು ಬೆರಳೆರಡಷ್ಟು. ವರ್ಷ ತುಂಬುವ ಹೊತ್ತಿಗೆ ಕಾಗದವೂ ಬೇಡವಾಯಿತು. ಊಟದ ಬಿಡುವಿನಲ್ಲಿ ಅವಳು ನುಡಿಸುವಳು, ಶೆಡ್ಡಿಗೆ ಶೆಡ್ಡೇ ಹಾಡುವುದು. ನನ್ನಂಥ ಕತ್ತೆಯ ಗಂಟಲಿನವನೂ ಹಾಡಿದ್ದೇನೆ.

ಹಾಗಿರುವಾಗ ಕಾರ್ಮಿಕರ ವಾರ್ಷಿಕ ಸಭೆ ಬಂತು. ಅಕ್ಕ ವೇದಿಕೆಯಲ್ಲಿ ಮೂರು ಹಾಡು ನುಡಿಸಬೇಕೆಂದು ಹೆಂಗಸರೆಲ್ಲ ಹಟ ಹಿಡಿದರು. ಹದಿನೈದು ದಿನ ಅವಳ ಬಾಯಲ್ಲಿ ಬೇರೆ ಮಾತಿರಲಿಲ್ಲ. ಸಭೆಯ ದಿನ ಹೋಗಿ ನೋಡಿದರೆ, ವೇದಿಕೆಯ ಮೇಲೆ ಬರಿಯ ಕುರ್ಚಿ, ಪರದೆಯ ಹಿಂದೆ ಇನ್ನೊಂದು ಕುರ್ಚಿ, ಅದರ ಮುಂದೆ ಮೈಕು. ಅಲ್ಲಿ ಗಿಟಾರು ಹಿಡಿದು ಕೂತಿದ್ದವರು ಅದೇ ಮೇಷ್ಟ್ರು!

ಸಂಘದ ಕಾರ್ಯದರ್ಶಿ ಕೈ ಹೊಸೆಯುತ್ತ ಬಂದ. "ಬೇಜಾರು ಮಾಡ್ಕೋಬೇಡಿ ಅಕ್ಕ. ಹೊರಗಿನ ಅತಿಥಿಗಳು ಬಂದಿದಾರೆ. ಮೇಷ್ಟ್ರು ಒಳಗಿಂದ ಆರು ತಂತೀನೂ ನುಡಿಸ್ತಾರೆ. ನೀವು ಮುಂದೆ ಕೂತು ಸುಮ್ನೆ ಕೈ ಆಡಿಸಿ. ನೋಡೋರಿಗೆ ನೀವೇ ನುಡಿಸಿದ ಹಾಗಿರುತ್ತೆ."

"ಒಂದು ಸಹಾಯ ಅಂದ್ಕೊಳ್ಳಿ ಅಮ್ಮ" ಎಂದರು ಮೇಷ್ಟ್ರು, ಬಿರಡೆ ತಿರುಗಿಸಿ ಶ್ರುತಿ ಮಾಡುತ್ತ. "ಮೂರು ತಂತಿ ಸದ್ದಿಗೆ ಇಷ್ಟು ದೊಡ್ಡ ಹಾಲ್ ತುಂಬಲ್ಲ."

ಅವಳನ್ನು ಗೊಂಬೆ ಮಾಡಿ ಕೂರಿಸಲು ಹೊರಟಿದ್ದರು, ನೋಡಿ! ಅವಳ ಕೈಯೇ ಕಂಡುಕೊಂಡ ವಿದ್ಯೆಯನ್ನು ಅವಳ ಕಣ್ಣೆದುರೇ ಪರದೆ ಎಳೆದು ಮುಚ್ಚಲು! ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಪರದೆ ಸರಿಸಿದಳು. ದನಿ ಏರಿಸಲಿಲ್ಲ.

"ಮೇಷ್ಟ್ರೇ, ನಾನು ಬಾಗಿಲಿಗೆ ಬಂದು ಕೇಳ್ದಾಗ ನಿಮ್ಮ ಹತ್ರ ಕೊಡೋಕೆ ಏನೂ ಇರ್ಲಿಲ್ಲ. ಈಗ ಕೇಳ್ದೇ ಇದ್ರೂ ಹೊತ್ಕೊಂಡು ಬಂದಿದೀರಿ. ಬೇಡ. ತಪ್ಪು ನುಡಿಸಿದ್ರೆ ಆ ತಪ್ಪೂ ನಂದೇ ಆಗ್ಲಿ. ಕೇಳಿಸ್ದೇ ಇರೋರು ಕುರ್ಚಿ ಎಳ್ಕೊಂಡು ಮುಂದೆ ಬರ್ಲಿ. ನೀವು ನಿಮ್ಮ ಆರು ತಂತೀನೂ ಮೈಕೂ ತಗೊಂಡು ಮನೆಗೆ ಹೋಗಿ."