ತಟ್ಟೆಯಲ್ಲಿ ಎರಡು ಕಣ್ಣು

ಪರದೇಶದಲ್ಲಿ ನಾವಿರುವ ಮಿಸಿಸಾಗ ಊರಿನ ಕಣ್ಣಿನ ಡಾಕ್ಟರಮ್ಮ ಒಬ್ಬರು ರಿಟೈರ್ ಆದಮೇಲೂ ಎದುರಿಗೆ ಸಿಕ್ಕವರ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುತ್ತಿದ್ದರು. ಧಾರವಾಡದವರು. ಮಾತೆತ್ತಿದರೆ "ಮದ್ಲ ಪೂರ್ತಿ ನೋಡ್ರಿ" ಅನ್ನುವರು.

ಅವರ ಲಿವಿಂಗ್ ರೂಮಿನಲ್ಲಿ ಕಣ್ಣಿನ ಕಾಯಿಲೆಗೆ ಕ್ರೈಸ್ತರು ಮೊರೆಹೋಗುವ ಸಂತ ಲೂಸಿಯ ಚಿತ್ರವಿತ್ತು, ಇಟಲಿಯ ಹಳೆಯ ಬರೋಕ್ ಶೈಲಿಯ ಚಿತ್ರವೊಂದರ ದೊಡ್ಡ ಪ್ರಿಂಟು. ಹಿಂದೆ ಕಗ್ಗತ್ತಲು, ಪಕ್ಕದಿಂದ ಮುಖಕ್ಕೆ ಬೀಳುವ ಬೆಳಕು. ಒಂದು ಕೈಯಲ್ಲಿ ಖರ್ಜೂರದ ಗರಿ, ಇನ್ನೊಂದರಲ್ಲಿ ತಟ್ಟೆ. ತಟ್ಟೆಯಲ್ಲಿ ಕಿತ್ತಿಟ್ಟ ಎರಡು ಕಣ್ಣು.

ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮಕ್ಕೆ, ಮೈಸೂರಿಂದ ಬಂದಿದ್ದ ನಮ್ಮಮ್ಮನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಬೇಕಿತ್ತು, ಹೆದರಿಕೊಂಡು ಮುಂದೂಡುತ್ತಲೇ ಇದ್ದರು. ಆ ತಟ್ಟೆ ಕಂಡದ್ದೇ, "ಹಬ್ಬದ ದಿನ ಇದೇನಮ್ಮಾ ಅಪಶಕುನ! ಒಂದು ಶಾಲಾದರೂ ಹೊದಿಸಬಾರದಾ?" ಅಂದುಬಿಟ್ಟರು.

ಡಾಕ್ಟರಮ್ಮ ಅಮ್ಮನ ಗಲ್ಲ ಹಿಡಿದು ಮೇಲೆತ್ತಿದರು. "ನಾವು ದೇವಿಗೆ ಬೆಳ್ಳಿ ಕಣ್ಣು ಹರಕಿ ಒಪ್ಪಸ್ತೀವಿಲ್ರೀ? ಈಕಿ ತನ್ನ ಕಣ್ಣ ಒಪ್ಪಿಸ್ಯಾಳ. ಬರೇ ತಾಟು ನೋಡಬ್ಯಾಡ್ರಿ. ಮದ್ಲ ಪೂರ್ತಿ ನೋಡ್ರಿ."

ಅಮ್ಮ ಮಂಜಾದ ಕಣ್ಣು ಕಿರಿದು ಮಾಡಿಕೊಂಡು ಚಿತ್ರದ ಹತ್ತಿರ ಹೋದರು. "ಅರೆ, ಮುಖದಲ್ಲೂ ಕಣ್ಣಿವೆಯಲ್ಲೇ!"

"ಮತ್ತ? ದೇವರ ಕಡೆಯಿಂದ ಹೊಸಾವು ಬಂದಾವ."

ಅಮ್ಮ ತಾಂಬೂಲದ ತಟ್ಟೆಯಿಂದ ಎಲೆ, ಅಡಿಕೆ, ಬಾಳೆಹಣ್ಣು ಎತ್ತಿಕೊಂಡು, "ಆಯಮ್ಮನಿಗೂ ಒಂದು ಕೊಡೋಣ" ಅಂದರು.

"ಅಕಿ ಎರಡೂ ಕೈ ತುಂಬ್ಯಾವ್ರಿ," ಅಂದ ಡಾಕ್ಟರಮ್ಮ ಚಿತ್ರದ ಕೆಳಗೆ ನಿಂತು ಸೆರಗೊಡ್ಡಿದರು. "ನನ್ನ ಕಡೆ ಕೊಡ್ರಿ."